ನೋವಿಲ್ಲದ ಬಾವು

ರಾವೂರ
ಬುಧವಾರ, ೩ ನವೆಂಬರ್ ೧೯೫೪

ಪ್ರೀತಿಯ ತಮ್ಮ ಗುರುಲಿಂಗಪ್ಪನಿಗೆ ನಿನ್ನ ವೈನಿ ಚಂದಮ್ಮ ಮಾಡುವ ಆಶೀರ್ವಾದ.

ಚಿಂಚೋಳಿಯಲ್ಲಿ ಚಳಿ ಸುರುವಾಗಿದೆಯೇ? ಊಟದ ಮನೆಯವರು ಬೇಳೆಗಿಂತ ನೀರೇ ಹೆಚ್ಚು ಹಾಕುತ್ತಾರೆ ಎಂದಿದ್ದೆ. ಈಗಲಾದರೂ ಹೊಟ್ಟೆ ತುಂಬ ಉಣ್ಣುತ್ತೀಯಾ? ಇಲ್ಲಿ ಅವ್ವ ಕ್ಷೇಮ. ಮೊಣಕಾಲು ನೋವೆಂದು ಗೊಣಗುತ್ತಲೇ ದಿನಾ ತೊಗರಿ ಹೊಲಕ್ಕೆ ಒಂದು ಸುತ್ತು ಹೋಗಿ ಬರುತ್ತಾರೆ. ಈ ವರ್ಷ ಹೂ ಚೆನ್ನಾಗಿ ಹಿಡಿದಿದೆ. ನಿಮ್ಮಣ್ಣ ಹೋದ ಮೇಲೆ ಸಂಜೆ ನಾಲ್ಕು ಸಾಲು ಬರೆದಿಡುವುದು ನನಗೆ ರೂಢಿಯಾಗಿದೆ, ಹಾಗಾಗಿ ಕೈ ತಡವರಿಸುವುದಿಲ್ಲ. ನನ್ನದು ನಾಲ್ಕನೇ ಇಯತ್ತೆಯ ಓದು. ತಪ್ಪು ಕಂಡರೆ ನಿನ್ನ ಮಾಸ್ತರಿಕೆಯ ಕೆಂಪು ಶಾಯಿ ಹಚ್ಚಿ ವಾಪಸು ಕಳಿಸಬೇಡ.

ವೈನಿಯಾದವಳು ಮೈದುನನಿಗೆ ಬರೆಯಬಾರದ್ದನ್ನು ಈಗ ಬರೆಯುತ್ತೇನೆ. ನಾನು ಈ ಮನೆಗೆ ಬಂದಾಗ ನೀನು ಅಂಗಿ ತೊಡಿಸಹೋದರೆ ಓಣಿಯೆಲ್ಲ ಓಡಾಡಿಸುತ್ತಿದ್ದ ಹುಡುಗ, ನಿನ್ನ ಮೈ ತೊಳೆದ ಕೈ ಇದು. ದೀಪಾವಳಿಗೆ ಅವ್ವ ನಿನಗೆ ಎಣ್ಣೆ ಹಚ್ಚಿ ಎರೆದರಲ್ಲ, ಆಗ ಒದ್ದೆ ಪಂಚೆಯಲ್ಲಿ ಒಂದು ಕಡೆಯ ಬಾವು ಅವರ ಕಣ್ಣಿಗೆ ಬಿದ್ದಿದೆ. ನೀನು ಬಸ್ಸು ಹತ್ತಿದ ಮೇಲೆ ನಗುತ್ತಲೇ ನನಗೆ ಹೇಳಿದರು: “ನೀರು ಇಳದಾವ, ಅಷ್ಟೇ. ಅವರಪ್ಪಗೂ ಇತ್ತು, ಎಪ್ಪತ್ತು ವರ್ಷ ಬಾಳಿದ. ಈ ಮನಿ ಗಂಡಸರಿಗಿ ಹೊಲ ಬರ್ತದೋ ಇಲ್ಲೋ, ಇದು ಮಾತ್ರ ತಪ್ಪಂಗಿಲ್ಲ.” ನೋವಿದೆಯಂತೇನು ಎಂದು ಕೇಳಿದೆ. ಸ್ವಲ್ಪವೂ ಇಲ್ಲವೆಂದು ನೀನೇ ಹೇಳಿದೆಯಂತೆ. ಅವ್ವನಿಗೆ ಸಮಾಧಾನ ಕೊಟ್ಟ ಆ ಮಾತೇ ನನ್ನನ್ನು ಹೆದರಿಸಿತು.

ನಿಮ್ಮಣ್ಣ ಕೆಮ್ಮಿನಿಂದ ಹೋದರೆಂದು ನೀವೆಲ್ಲ ತಿಳಿದಿದ್ದೀರಿ. ಕೆಮ್ಮು ಕೊನೆಗೆ ಬಂದದ್ದು. ಮೊದಲು ಬಂದದ್ದು ಇಂಥದೇ ಬಾವು. ಗಣಿಯಲ್ಲಿ ಪರಸಿ ಕಲ್ಲಿನ ಚಪ್ಪಡಿ ಎತ್ತಿ ಎತ್ತಿ ನೀರು ಇಳಿದಿದೆ ಎಂದು ಜೊತೆಯ ಕೆಲಸದವರು ಹೇಳಿದರು. ನೋವಿಲ್ಲವಲ್ಲ ಎಂದು ನಿಮ್ಮಣ್ಣನೂ ಒಂದು ವರ್ಷ ಕಳೆದರು. ಹೈದರಾಬಾದಿನ ದವಾಖಾನೆಯಲ್ಲಿ ಡಾಕ್ಟರು ಕಿಟಕಿ ಮುಚ್ಚಿಸಿ ಬಾವಿನ ಹಿಂದೆ ಬ್ಯಾಟರಿ ಹಿಡಿದು ನೋಡಿದರು. ನೀರಾಗಿದ್ದರೆ ಬೆಳಕು ಕೆಂಪಗೆ ಈಚೆಗೆ ದಾಟುತ್ತದಂತೆ. ನಿಮ್ಮಣ್ಣನಿಗೆ ಕಲ್ಲಿಗೆ ಹಿಡಿದ ಹಾಗೆ ಅಲ್ಲೇ ನಿಂತಿತು. ಬೀಜದೊಳಗೇ ಹುಟ್ಟುವ ಗಡ್ಡೆ, ಮುದುಕರಿಗಿಂತ ಹರೆಯದವರಿಗೇ ಹೆಚ್ಚು ಬರುತ್ತದೆ ಎಂದರು. ಅಷ್ಟರಲ್ಲಿ ಅದು ಎದೆಗೆ ಏರಿತ್ತು, ಕತ್ತರಿಸಿ ತೆಗೆದರೂ ಉಳಿಯಲಿಲ್ಲ. ಜನ ಆಡಿಕೊಂಡಾರೆಂದು, ಕೆಮ್ಮು ಎಂದೇ ಹೇಳಬೇಕೆಂದು ನನ್ನಿಂದ ಆಣೆ ಮಾಡಿಸಿಕೊಂಡರು. ನಿನ್ನೆ ಅವರ ಸಮಾಧಿಗೆ ಹೂವಿಟ್ಟು, ಆ ಆಣೆ ನಿಮಗೇ ವಾಪಸು ಎಂದು ಹೇಳಿ ಬಂದೆ.

ಹೆದರಿಸಲೆಂದು ಇದನ್ನು ಬರೆಯುತ್ತಿಲ್ಲ, ತಮ್ಮ. ಆಗ ಪಕ್ಕದ ಮಂಚದಲ್ಲಿ ಚಿತ್ತಾಪುರದ ದರ್ಜಿ ಬಂದೇಅಲಿ ಇದ್ದ. ಅವನಿಗೂ ಅದೇ ರೋಗ, ಆದರೆ ಗಡ್ಡೆ ನಿಂಬೆಕಾಯಿಯಷ್ಟಿದ್ದಾಗಲೇ ಹೆಂಡತಿ ಜೈತುನ್ಬೀ ಅವನನ್ನು ಎಳೆದುಕೊಂಡು ಬಂದಿದ್ದಳು. ಆ ಒಂದನ್ನು ತೆಗೆದರು. ಅದರ ಬೇರು ಹೊಟ್ಟೆಯಲ್ಲಿ ಉಳಿದಿದ್ದರೆ ಸುಟ್ಟುಹೋಗಲೆಂದು ಕೆಲವು ವಾರ ದೊಡ್ಡ ಮಿಷಿನಿನ ಕೆಳಗೆ ಮಲಗಿಸಿ ಕಿರಣ ಬಿಟ್ಟರು. ಉಂಡದ್ದೆಲ್ಲ ವಾಂತಿಯಾಗುತ್ತಿತ್ತು, ಎಲುಬು ಎಣಿಸಬಹುದಾಗಿತ್ತು. ಇದಾಗಿ ಮೂರು ವರ್ಷ. ಮೊನ್ನೆ ಭಾನುವಾರ ನಾನೇ ಚಿತ್ತಾಪುರಕ್ಕೆ ಹೋದೆ. ಅವನು ಈಗ ಗಲ್ಲ ತುಂಬಿಕೊಂಡು ಅಂಗಡಿಯಲ್ಲಿ ಹೊಲಿಯುತ್ತ ಕೂತಿದ್ದಾನೆ. ನಿನ್ನ ಸುದ್ದಿ ಹೇಳಿದೆ. ಕತ್ತರಿ ಕೆಳಗಿಟ್ಟ. “ಅಕ್ಕಾ, ತಮ್ಮಗ ಹೇಳ್ರಿ. ಎರಡು ಜೇಬಿನ ಅಂಗಿದು ಒಂದು ಜೇಬು ಬಿಚ್ಚಿದ್ರ, ಅಂಗಿ ಏನು ಲಂಗ ಆಗ್ತದ?” ಎಂದ. ಜೈತುನ್ಬೀ ಮಗಳು ಲತೀಫಾಳನ್ನು ತಂದು ನನ್ನ ತೊಡೆಯ ಮೇಲೆ ಕೂಡಿಸಿದಳು. ದವಾಖಾನೆಯಿಂದ ಬಂದ ಮೇಲೆ ಹುಟ್ಟಿದ ಕೂಸು, ನನ್ನ ಸೆರಗು ಬಿಡಲೊಲ್ಲದು. “ಇವರ ಮರ್ಜಿ ಕೇಳಕೋತ ಕುಂತಿದ್ರ ಈ ಕೂಸು ಎಲ್ಲಿ ಬರ್ತಿತ್ತು? ನಾ ಕೇಳೇ ಇಲ್ಲ, ಟಿಕೀಟ ತಗದೆ” ಎಂದಳು.

ಬಂದೇಅಲಿಯೊಬ್ಬನ ಅದೃಷ್ಟ ಇದೆಂದುಕೊಳ್ಳಬೇಡ. ಗಡ್ಡೆ ಹುಟ್ಟಿದ ಜಾಗದಲ್ಲೇ ಇರುವಾಗ ಬಂದವರಲ್ಲಿ ಹೆಚ್ಚಿನವರು ನಡೆದುಕೊಂಡು ಮನೆಗೆ ಹೋಗುತ್ತಾರೆ ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ನನ್ನ ಮನುಷ್ಯ ಹೋಗುತ್ತಿರುವಾಗ ಊರವರ ಸುದ್ದಿ ನನಗೇಕೆ ಎಂದು ಆಗ ಮನಸ್ಸಿನಲ್ಲೇ ಅವರನ್ನು ಬೈದಿದ್ದೆ. ಆ ಮಾತು ನಿನ್ನ ಸಲುವಾಗಿತ್ತೆಂದು ಈಗ ತಿಳಿಯಿತು. ನಿನ್ನದು ಬರೀ ನೀರೇ ಇರಬಹುದು, ಆಗ ನಗುತ್ತ ತಿರುಗಿ ಬರೋಣ. ಅಲ್ಲದಿದ್ದರೂ ನಮಗೆ ಹೊತ್ತು ಮೀರಿಲ್ಲ ಎಂದು ನನಗೆ ಗಟ್ಟಿ ನಂಬಿಕೆಯಿದೆ. ಸಂಕ್ರಾಂತಿ ಕಳೆದರೆ ಕಾಳಗಿಯ ಹುಡುಗಿಯೊಡನೆ ಲಗ್ನ, ಅದಕ್ಕೇ ಬಾಯಿ ಬಿಗಿದುಕೊಂಡಿದ್ದೀಯೆಂದು ಬಲ್ಲೆ. ಬೇಕಾದರೆ ಯುಗಾದಿಯ ಆಚೆಗೆ ಹಾಕೋಣ. ಹುಡುಗಿಯ ತಾಯಿಯೊಡನೆ ನಾನೇ ಮಾತಾಡುತ್ತೇನೆ. ನನ್ನ ಬರಿ ಹಣೆ ನೋಡಿದವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಅವ್ವನಿಗೂ ಎಲ್ಲ ಹೇಳಿದೆ. ಎದ್ದು ತೊಗರಿ ಹೊಲಕ್ಕೆ ಹೋದವರು ಕತ್ತಲಾದ ಮೇಲೆ ತಿರುಗಿ ಬಂದರು. ಇವತ್ತು ಮುಂಜಾನೆ ರೊಟ್ಟಿ ತಟ್ಟುತ್ತ, ನನ್ನ ಕಡೆ ನೋಡದೆಯೇ ಅಂದರು: “ಹಿರಿಯವನ ಕೂಡ ನೀನೇ ಹೋಗಿದ್ದಿ. ನಿನಗ ದಾರಿ ಗೊತ್ತದ. ಇವನ ಕೂಡನೂ ನೀನೇ ಹೋಗವ್ವ.”

ಎದೆಯ ಮೇಲಿನ ಲಿಂಗ ನಿನ್ನನ್ನು ಕಾಯಲಿ. ಅವ್ವ ನಿನ್ನ ತಲೆ ಸವರಿದ್ದಾರೆಂದು ತಿಳಿ.

ಇಂತಿ ನಿನ್ನ ವೈನಿ,
ಚಂದಮ್ಮ

ತಾ.ಕ.: ಟಪಾಲಿನ ಹಣಮಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತೇನೆ. ಬರುವ ಸೋಮವಾರ ಮುಂಜಾನೆಯ ಹೈದರಾಬಾದ್ ಗಾಡಿಗೆ ನಾನು ವಾಡಿಯಲ್ಲಿ ಹತ್ತುತ್ತೇನೆ. ಬಂದೇಅಲಿ ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಿಕೊಳ್ಳಬೇಕು, ಅವನೂ ಅದೇ ಗಾಡಿಗೆ ಚಿತ್ತಾಪುರದಲ್ಲಿ ಹತ್ತುತ್ತಾನೆ. ನೀನು ಭಾನುವಾರವೇ ಬಸ್ಸಿನಲ್ಲಿ ಸೇಡಂಗೆ ಬಂದು ಸ್ಟೇಶನ್ನಿನಲ್ಲಿರು, ನಿನ್ನ ಟಿಕೀಟು ನನ್ನ ಹತ್ತಿರ ಇರುತ್ತದೆ. ಸೇಡಂ ಬಂದಾಗ ಕಿಟಕಿಯಿಂದ ನೋಡುತ್ತೇನೆ. ನೀನು ಕಾಣದಿದ್ದರೆ ಅಲ್ಲೇ ಇಳಿದು, ಚಿಂಚೋಳಿಯ ಬಸ್ಸು ಹತ್ತಿ ನಿನ್ನ ಶಾಲೆಗೇ ಬರುತ್ತೇನೆ. ಏಕೆ ಬಂದೆನೆಂದು ಮಕ್ಕಳು ಕೇಳಿದರೆ, ಜೋರಾಗಿಯೇ ಹೇಳುತ್ತೇನೆ.