ಬಾಲದೀಪಕ್ಕೆ ಸೊರಗುವ ಸೆಲ್ಲೇ ಸರಿ

ಹಳೇ ಚಿನ್ನದ ಗಣಿ, ಎರಡನೇ ಮಜಲು
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಎಂಬತ್ತಾರನೇ ಇಸವಿ

ನನಗಿಂತ ಹಿಂದಿನ ಕಾಲದವರೇ,

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ನಗಬೇಡಿ. ಬಿಸಿಲಿಗೆ ಹೆದರಿ ನೆಲದಡಿಗೆ ಇಳಿದ ನಮ್ಮ ಹಿರಿಯರು ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡರು, ಹಾಗಾಗಿ ನಿಮ್ಮಲ್ಲಿ ಇಲ್ಲದ ದಿನ ನಮ್ಮಲ್ಲಿದೆ. ನಿಮಗೆ ಗೊತ್ತಿಲ್ಲದ ನಾಲ್ಕಾರು ಶಬ್ದಗಳೂ ಈ ಪತ್ರದಲ್ಲಿ ಬಂದಾವು. ಬಂದಲ್ಲೇ ಬಿಡಿಸಿ ಹೇಳುತ್ತೇನೆ, ಕ್ಷಮೆ ಇರಲಿ. ನನ್ನ ಹೆಸರು ಹುಲಿಗೆಮ್ಮ. ಟಾರ್ಚ್ ರಿಪೇರಿ ನನ್ನ ಕಸುಬು. ನನ್ನ ಬಾಯಿ ಜೋರು ಎಂದು ಊರೆಲ್ಲ ಹೇಳುತ್ತದೆ, ಅದು ಸುಳ್ಳೇನಲ್ಲ.

ಎರಡು ನದಿಗಳ ನಡುವಿನ ನಮ್ಮ ಸೀಮೆಯಲ್ಲಿ ಹೊತ್ತು ಮಾರುದ್ದ ಏರುವಷ್ಟರಲ್ಲಿ ಮೇಲಿನ ಕಲ್ಲು ಕಾದ ಹೆಂಚಾಗುತ್ತದೆ. ಅಷ್ಟರೊಳಗೆ ಹೆಂಗಸರು ರೊಟ್ಟಿ ಬಡಿದು, ಒಣಗಿಸಿ, ಶೇಂಗಾ ಚಟ್ನಿಯ ಜೊತೆ ಬಟ್ಟೆಯಲ್ಲಿ ಕಟ್ಟಿಕೊಂಡಿರಬೇಕು. ಆಮೇಲೆ ಇಡೀ ಊರು ಸಾಲಾಗಿ ಗಣಿಗೆ ಇಳಿಯುತ್ತದೆ. ಸಂಜೆ ಮೇಲೆ ಬರುವ ತನಕದ ಆ ಅವಧಿಗೆ ಇಳಿಹೊತ್ತು ಎನ್ನುತ್ತೇವೆ. ಕೆಳಗಿನ ದೊಡ್ಡ ಕೋಣೆಯಲ್ಲಿ ಮಗ್ಗಗಳಿವೆ, ಬೀಸುವ ಕಲ್ಲುಗಳಿವೆ, ಹಳೆಯ ಕಬ್ಬಿಣದ ಹಳಿಗೆ ಕಟ್ಟಿದ ತೊಟ್ಟಿಲುಗಳಿವೆ. ಜಗಳಗಳೂ ಅಲ್ಲೇ, ಮದುವೆ ಮಾತುಕತೆಯೂ ಅಲ್ಲೇ. ನಮ್ಮ ಹಗಲೆಲ್ಲ ಕತ್ತಲೆ ಎಂದು ನೀವು ಮರುಗಬೇಕಾಗಿಲ್ಲ, ನಮಗೆ ಅದು ರೂಢಿ.

ಆ ಕೋಣೆ ಮುಟ್ಟಲು ಒಂದು ತಾಸು ನಡೆಯಬೇಕು. ಸಾಲಿನ ಮುಂದೆ ಹಿಡಿಯುವ ಟಾರ್ಚು ಮೂಗುದೀಪ, ಕೊನೆಯವರು ಹಿಡಿಯುವುದು ಬಾಲದೀಪ. ಹಾದಿಯಲ್ಲಿ ಏಳು ತಿರುವುಗಳಿವೆ. ಪ್ರತಿ ತಿರುವಿನಲ್ಲೂ ಮುಂದಿನವರು ನಿಂತು ಹಿಂದೆ ನೋಡುತ್ತಾರೆ. ಯಾರೂ ಹಿಂದೆ ಉಳಿದಿಲ್ಲ ಎಂದು ಕಂಡ ಮೇಲೆ ಕೊನೆಯವರು ದೀಪಕ್ಕೆ ಅಂಗೈ ಮುಚ್ಚುತ್ತಾರೆ. ಇದಕ್ಕೆ ಕಣ್ಮುಚ್ಚು ಎಂದು ಹೆಸರು. ದೀಪ ಮರೆಯಾಯಿತೆಂದರೆ ಎಲ್ಲ ಕ್ಷೇಮ, ನಡೆಯಿರಿ ಎಂದರ್ಥ. ಸಾಲು ತಿರುವು ದಾಟಿದ ಮೇಲೆ ಅವರು ಕೈ ತೆಗೆದು ಹಿಂದೆ ಬರುತ್ತಾರೆ. ಗಾಳಿಯಂತ್ರದ ಸದ್ದಿನಲ್ಲಿ ಕೂಗು ಕೇಳದ ಕಾರಣ ಯಾರೋ ಜಾಣ ಅಜ್ಜ ಮಾಡಿದ ಏರ್ಪಾಡು ಅದು. ಅವನ ಜಾಣತನಕ್ಕಿಷ್ಟು ಬೆಂಕಿ ಹಾಕ!

ನಮ್ಮ ಟಾರ್ಚುಗಳೆಲ್ಲ ನಿಮ್ಮವೇ. ನಿಮ್ಮ ಕುಸಿದ ಮನೆಗಳ ಕಪಾಟುಗಳಿಂದ ಅಗೆದು ತಂದವು. ನಿಮ್ಮ ಎಲ್‌ಇಡಿ ಗಟ್ಟಿ ಜೀವ, ಸಾಯುವುದೇ ಇಲ್ಲ. ಸೆಲ್ ಮಾತ್ರ ನಾವೇ ಮಾಡಿಕೊಳ್ಳಬೇಕು, ಅದರಲ್ಲಿ ಎರಡು ಜಾತಿ. ಒಂದು ಸೊರಗುವ ಸೆಲ್: ಮೊದಲಿನಿಂದಲೇ ಬೆಳಕು ಸಾಧಾರಣ, ಮುಗಿಯುವ ಮುಂಚೆ ತಾಸುಗಟ್ಟಲೆ ಮಂದವಾಗುತ್ತ, ಕೆಂಪಾಗುತ್ತ, ಹೇಳಿ ಹೋಗುತ್ತದೆ. ಇನ್ನೊಂದು ಹಠದ ಸೆಲ್: ಕೊನೆಯ ಕ್ಷಣದವರೆಗೂ ಕಣ್ಣು ಕುಕ್ಕುವ ಹಾಗೆ ಉರಿದು, ಒಮ್ಮೆಲೇ ಪಟ್ಟನೆ ಸಾಯುತ್ತದೆ. ಜನಕ್ಕೆ ಯಾವಾಗಲೂ ಹಠದ್ದೇ ಬೇಕು. ಎಷ್ಟು ದೂರ ಬೀಳುತ್ತದೆ ಎಂದು ಕೇಳುತ್ತಾರೆಯೇ ಹೊರತು ಎಷ್ಟು ಹೊತ್ತು ಇರುತ್ತದೆ ಎಂದು ಒಬ್ಬರೂ ಕೇಳುವುದಿಲ್ಲ. ಸುರಂಗದ ದೂಳಿಗೆ ಅತಿ ಬೆಳಕು ಬಿದ್ದರೆ ಅದು ತಿರುಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಟಾರ್ಚಿನ ಮೈ ಅಲ್ಯೂಮಿನಿಯಮ್ಮಿನದಿರಬೇಕು, ತಿರುಗಿಸುವ ಮುಚ್ಚಳದ ರಬ್ಬರ್ ಬಳೆ ಬಿರುಕು ಬಿಟ್ಟಿರಬಾರದು, ಸೊಂಟಕ್ಕೆ ಸಿಕ್ಕಿಸಿದಾಗ ಗುಂಡಿ ಒತ್ತಿಕೊಂಡು ತಾನೇ ಹೊತ್ತಿಕೊಳ್ಳುವಂತಿರಬಾರದು. ಮತ್ತು ಬಾಲದೀಪಕ್ಕೆ ಸೊರಗುವ ಸೆಲ್ಲನ್ನೇ ಹಾಕಬೇಕು. ಇದು ನನ್ನ ಅವ್ವ ನನಗೆ ಕಲಿಸಿದ ಮೊದಲ ಪಾಠ.

ಒಂಬತ್ತು ವರ್ಷದ ಹಿಂದೆ ಬಾಲದೀಪ ಹಿಡಿಯುತ್ತಿದ್ದವಳು ನನ್ನ ತಂಗಿ ಅಮರಮ್ಮ. ಒಂದು ದಿನ ಬಂದು ನನ್ನ ಮುಂದೆ ಟಾರ್ಚ್ ಕುಕ್ಕಿದಳು. “ಅಕ್ಕಾ, ಈ ಬೆಳಕು ಸಾಲಂಗಿಲ್ಲಬೇ. ಹಿಂದ ಕಲ್ಲೈತೋ ಮನುಷ್ಯಾ ಐತೋ ತಿಳಿಯಂಗಿಲ್ಲ.” ಆ ವಾರವೇ ನನಗೊಂದು ದೊಡ್ಡ ಟಾರ್ಚ್ ಸಿಕ್ಕಿತ್ತು. ಬಟ್ಟಲಿನಷ್ಟಗಲ ಮುಖ, ಬಂಡೆಗೆ ಎಸೆದರೂ ಒಡೆಯದ ಮೈ. ನಿಜ ಹೇಳುತ್ತೇನೆ, ತಂಗಿಯ ಕಷ್ಟಕ್ಕಿಂತ ನನ್ನ ಕೈಕೆಲಸ ಊರಿಗೆ ಕಾಣಲಿ ಎಂಬ ಆಸೆಯೇ ಹೆಚ್ಚಾಗಿತ್ತು. ಅದಕ್ಕೆ ಹಠದ ಸೆಲ್ ಹಾಕಿ, ಯಾರಿಗೂ ಹೇಳದೆ ಅವಳ ಕೈಗಿಟ್ಟೆ. ಸುರಂಗಕ್ಕೆ ಸುರಂಗವೇ ಬೆಳಗಿತು. ಹನ್ನೊಂದು ದಿನ ಎಲ್ಲರೂ ಹೊಗಳಿದ್ದೇ ಹೊಗಳಿದ್ದು, ನಾನು ಹಿಗ್ಗಿದ್ದೇ ಹಿಗ್ಗಿದ್ದು.

ಹನ್ನೆರಡನೇ ದಿನ ಐದನೇ ತಿರುವಿನಲ್ಲಿ ನಾವು ನಿಂತು ಹಿಂದೆ ನೋಡಿದೆವು. ಮುದುಕ ಚಂದಪ್ಪ ಎಂದಿನಂತೆ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುತ್ತ ಹಿಂದೆ ಬಿದ್ದಿದ್ದ. ಅಮರಮ್ಮ ಅವನನ್ನು ಮುಂದೆ ಕಳಿಸಿ, ಅವನು ನಮ್ಮನ್ನು ಸೇರುವವರೆಗೂ ದೂರದಿಂದಲೇ ಹಾದಿಗೆ ಬೆಳಕು ಹಿಡಿದು ನಿಂತಿದ್ದಳು. ಅವನು ಬಂದು ಸೇರಿದ, ಆಗಲೇ ಅವಳ ದೀಪ ಆರಿತು. ಮಂದವಾಗಲಿಲ್ಲ, ಕೆಂಪಾಗಲಿಲ್ಲ, ಅಂಗೈ ಮುಚ್ಚಿದ ಹಾಗೆ ಒಮ್ಮೆಲೇ ಆರಿತು. ಪಕ್ಕದವರಿಗೆ ನಾನು ಅಂದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: “ನೋಡ್ರಿ, ನಮ್ಮ ಅಮರಿ ಎಷ್ಟು ಚೊಕ್ಕ ಕಣ್ಮುಚ್ಚು ಕೊಡ್ತಾಳ!” ಎಲ್ಲ ಕ್ಷೇಮ ಎಂದುಕೊಂಡು ಇಡೀ ಸಾಲು ತಿರುವು ದಾಟಿತು. ಅವಳು ಕೂಗಿರಬೇಕು. ಕೂಗದೆ ಇರುತ್ತಾಳೆಯೇ? ಗಾಳಿಯಂತ್ರ ಭೋರಿಡುತ್ತಿತ್ತು.

ಆರನೇ ತಿರುವಿನಲ್ಲಿ ನಿಂತು ಕಾದೆವು. ದೀಪ ಬರಲೇ ಇಲ್ಲ. ನಾಲ್ಕು ಜನ ಮೂಗುದೀಪ ಹಿಡಿದು ಹಿಂದಕ್ಕೆ ಓಡಿದೆವು. ಐದನೇ ತಿರುವಿನ ಬಲಕ್ಕೆ ಗುಂಡಿಬಾವಿ ಇದೆ, ಗಣಿಯ ತಳದವರೆಗೆ ನೆಟ್ಟಗೆ ಇಳಿದ ಹಳೆಯ ಬಾವಿ. ಅದರ ಅಂಚಿನಲ್ಲಿ ಟಾರ್ಚ್ ಬಿದ್ದಿತ್ತು. ಗಾಜಿಗೆ ಒಂದು ಗೀರೂ ಇರಲಿಲ್ಲ. ನನ್ನ ಮಡಿಲಲ್ಲಿದ್ದ ಅದೇ ಜಾತಿಯ ಇನ್ನೊಂದು ಸೆಲ್ ಹಾಕಿದ ಕೂಡಲೇ ಝಗ್ಗೆಂದು ಹೊತ್ತಿತು. ಆ ಬೆಳಕನ್ನು ಬಾವಿಗೆ ಬಿಟ್ಟು ನೋಡಿದೆವು, ಕಪ್ಪು ನೀರು ಬಿಟ್ಟರೆ ಏನೂ ಕಾಣಲಿಲ್ಲ. ಸೊರಗುವ ಸೆಲ್ಲಿನ ಹಳೇ ಟಾರ್ಚನ್ನೇ ಅವಳ ಕೈಯಲ್ಲಿ ಬಿಟ್ಟಿದ್ದರೆ ಅವಳಿಗೆ ಇನ್ನೂ ಒಂದು ತಾಸಿನ ಕೆಂಪು ಬೆಳಕು ಇರುತ್ತಿತ್ತು, ನಮಗೂ ಅಪಾಯ ತಿಳಿಯುತ್ತಿತ್ತು. ಎಲ್ಲರೂ ನೀರು ಹೊಕ್ಕು ಸೆಲ್ ಕೆಟ್ಟಿತ್ತು ಎಂದುಕೊಂಡರು. ಹೊತ್ತಿಸಿ ತೋರಿಸಿದ ನಾನೇ ಹೌದು ಎಂದೆ, ಹಳೆಯ ಸೆಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡೆ.

ಅಂದಿನಿಂದ ನಮ್ಮ ಸಾಲಿಗೆ ಎರಡು ಬಾಲದೀಪ. ಒಂದು ಮನುಷ್ಯರು ಹಿಡಿದದ್ದು. ಇನ್ನೊಂದು ಅದಕ್ಕೂ ನೂರು ಮಾರು ಹಿಂದೆ, ಮಂದವಾಗಿ, ಕೆಂಪಗೆ. ನಾವು ನಿಂತರೆ ನಿಲ್ಲುತ್ತದೆ, ನಡೆದರೆ ನಡೆಯುತ್ತದೆ. ಅದನ್ನು ಎಲ್ಲರೂ ಕಂಡಿದ್ದಾರೆ, ಯಾರೂ ಮಾತಾಡುವುದಿಲ್ಲ. ತಿರುವು ಬಂದಾಗ ನಮ್ಮ ದೀಪಕ್ಕೆ ಅಂಗೈ ಮುಚ್ಚುತ್ತಾರೆ, ಕತ್ತಲಾಗುತ್ತದೆ. ಹಿಂದಿನದು ಮಾತ್ರ ಆರುವುದಿಲ್ಲ. ಒಂಬತ್ತು ವರ್ಷದಲ್ಲಿ ಅದು ಒಮ್ಮೆಯೂ ಕಣ್ಮುಚ್ಚು ಕೊಟ್ಟಿಲ್ಲ, ಎಲ್ಲ ಕ್ಷೇಮ ಎಂದಿಲ್ಲ. ಅದರ ಅರ್ಥ ನನಗಲ್ಲದೆ ಇನ್ಯಾರಿಗೆ ಗೊತ್ತು? ನನಗೆ ಭಯವಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗುತ್ತದೆ.

ನಾಳೆಯಿಂದ ಬಾಲದೀಪ ಹಿಡಿಯುವವಳು ಅಮರಮ್ಮನ ಮಗಳು ಹೊನ್ನಮ್ಮ. ಹತ್ತೊಂಬತ್ತು ತುಂಬಿದೆ, ಹಠ ಅವ್ವನದೇ. ಅವ್ವನ ದೊಡ್ಡ ಟಾರ್ಚೇ ಬೇಕು ಎಂದು ಎರಡು ವಾರದಿಂದ ನನ್ನ ಬೆನ್ನು ಬಿದ್ದಿದ್ದಳು. ಅದರ ಗೂಡು ಹಠದ ಸೆಲ್ಲಿನ ಅಳತೆಯದು, ಬೇರೆಯದು ಕೂರುವುದಿಲ್ಲ. ನನಗೆ ಸೊರಗುವ ಸೆಲ್ ಕೂರುವ, ಒಂದೇ ಸೆಲ್ಲಿನ ಸಣ್ಣ ಟಾರ್ಚ್ ಬೇಕಿತ್ತು. ಅಗೆದು ತಂದ ನಲವತ್ತು ಬಿಚ್ಚಿದೆ. ಮೂವತ್ತೊಂಬತ್ತರಲ್ಲಿ ನೀವು ಸೆಲ್ ಒಳಗೇ ಬಿಟ್ಟು ಮರೆತಿದ್ದಿರಿ. ಅದು ಕೊಳೆತು, ಸೋರಿ, ಸ್ಪ್ರಿಂಗು ತಿಂದು, ಹಿತ್ತಾಳೆಯೆಲ್ಲ ಹಸಿರು ಪುಡಿ. ಬಾಯಿಗೆ ಬಂದ ಹಾಗೆ ಬೈದೆ ನಿಮ್ಮನ್ನು. ನಲವತ್ತನೆಯದು ಬೆರಳುದ್ದದ್ದು, ಬೂದು ಬಣ್ಣದ್ದು. ಯಾರೋ ಪುಣ್ಯಾತ್ಮರು ಸೆಲ್ ತೆಗೆದು ಬೇರೆ ಇಟ್ಟಿದ್ದರು, ಒಳಗೆಲ್ಲ ಹೊಳೆಯುತ್ತಿತ್ತು. ಅದನ್ನು ಹಿಡಿದು ನಾನು ಅತ್ತುಬಿಟ್ಟೆ.

ಹೊನ್ನಮ್ಮ ನೋಡಿ ನಕ್ಕಳು. “ದೊಡ್ಡವ್ವಾ, ಇದೇನಬೇ, ಮಿಂಚುಹುಳ ಹಿಡಕೊಟ್ಟಂಗ ಐತಿ!” ಇವತ್ತು ಇಳಿಹೊತ್ತಿನಲ್ಲಿ ಮಗ್ಗದ ಹಿಂದೆ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಸೆಲ್ಲಿನ ಸಂಗತಿ, ನನ್ನ ಜಂಬ, ಆ ಸುಳ್ಳು. ಸೆರಗಿನ ಗಂಟು ಬಿಚ್ಚಿ ಆ ಸತ್ತ ಸೆಲ್ ತೋರಿಸಿದೆ. ಅವಳು ಹೊಡೆಯಲಿಲ್ಲ, ಬೈಯಲಿಲ್ಲ. ಸಣ್ಣ ಟಾರ್ಚನ್ನು ಮಡಿಲಿಗೆ ಹಾಕಿಕೊಂಡು ಎದ್ದಳು. “ನಾಳೆ ನೀ ಮುಂದ ನಡಿ, ದೊಡ್ಡವ್ವ. ನಾ ಕಣ್ಮುಚ್ಚು ಕೊಡಂಗಿಲ್ಲ. ದೀಪ ಕಾಣೂತನಕ ಎಲ್ಲಾ ಚಂದ ಐತಿ ಅಂತ ತಿಳಕೊ, ಕಾಣದಿದ್ರ ತಿರುಗಿ ಬಾ.” ಇಷ್ಟು ತಲೆಮಾರಿನಲ್ಲಿ ಯಾರಿಗೂ ಹೊಳೆಯದ ಮಾತನ್ನು ಆ ಹುಡುಗಿ ನಿಂತ ನಿಲುವಿನಲ್ಲಿ ಹೇಳಿದಳು. ಹಿರಿಯರು ಒಪ್ಪದಿದ್ದರೆ ಅವರನ್ನು ನಾನು ನೋಡಿಕೊಳ್ಳುತ್ತೇನೆ.

ಆಳಕ್ಕೆ ಇಳಿದಷ್ಟೂ ಹಳೆಯ ಕಾಲ ಎಂದು ನಾವು ನಂಬುತ್ತೇವೆ. ಈ ಮಜಲು ನಮ್ಮದು, ಕೆಳಗಿನದು ನಮ್ಮ ಅಜ್ಜಂದಿರದು, ಇನ್ನೂ ಕೆಳಗೆ ನೀವು. ಅದಕ್ಕೇ ಈ ಪತ್ರವನ್ನು ಸುರುಳಿ ಸುತ್ತಿ ಆ ದೊಡ್ಡ ಟಾರ್ಚಿನ ಖಾಲಿ ಗೂಡಿಗೆ ತುರುಕಿ, ಗುಂಡಿಬಾವಿಗೆ ಬಿಡುತ್ತಿದ್ದೇನೆ. ಮೈ ಗಟ್ಟಿ ಇದೆ, ನಿಮ್ಮನ್ನು ಮುಟ್ಟುತ್ತದೆ. ಕೈಮುಗಿದು ಕೇಳುತ್ತೇನೆ, ಟಾರ್ಚನ್ನು ಕಪಾಟಿನಲ್ಲಿ ಎತ್ತಿಡುವ ಮುಂಚೆ ಸೆಲ್ ಹೊರಗೆ ತೆಗೆಯಿರಿ. ಯಾರ ಕೈಗೆ ಹೋಗುತ್ತದೋ ನಿಮಗೆ ಗೊತ್ತಿಲ್ಲ.

ದಾರಿಯಲ್ಲಿ ಈ ಪತ್ರ ನನ್ನ ತಂಗಿಯನ್ನು ದಾಟಿಯೇ ಬರಬೇಕು. ಅವಳಿಗೆ ಓದು ಬಾರದು. ಅವಳು ನಿಮಗೆ ಸಿಕ್ಕರೆ ನೀವೇ ಓದಿ ಹೇಳಿ: ಮಗಳ ದೀಪ ಸಣ್ಣದು, ಸೆಲ್ ಸೊರಗುವುದು, ನೀನಿನ್ನು ಹಿಂದೆ ಕಾಯಬೇಕಾಗಿಲ್ಲ, ಇದ್ದಲ್ಲೇ ಕೂತುಕೊ ಎಂದು. ಒಂದು ದಿನ ನಾನೇ ದೀಪ ಹಿಡಿದು ಕರೆಯಲು ಬರುತ್ತೇನೆ. ಈ ಸಲ ಮಾತ್ರ ಬೆಳಕು ಸಾಲದು ಎಂದು ಅವಳು ಅನ್ನಬಾರದು.

ನಿಮ್ಮ ಮುಂದಿನವಳು,
ಹುಲಿಗೆಮ್ಮ