ಉಯಿಲಿನಲ್ಲಿದ್ದ ಹೆಂಗಸು

ಥಾರ್ನ್ ಕೋವ್, ಕನೆಕ್ಟಿಕಟ್
೧೪ ಮೇ ೨೦೦೯

ಪ್ರೀತಿಯ ಲೋಯಿಸ್,

ಮಂಡಿ ನೋವು ಈಗ ಹೇಗಿದೆ? ಆಪರೇಷನ್ ಆಯಿತೆಂದು ಯಾರಿಂದಲೋ ತಿಳಿಯಿತು, ತಂಗಿಯ ಸುದ್ದಿ ಬೇರೆಯವರ ಬಾಯಿಂದ ಕೇಳುವ ಹಾಗಾಯಿತು ನನ್ನ ಬಾಳು. ಎವರೆಟ್ ಇನ್ನೂ ದೋಣಿ ಕಟ್ಟುತ್ತಾನಾ? ನನಗೆ ಕಿವಿ ಮಂದವಾಗಿದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಮೂವತ್ತೆಂಟು ವರ್ಷ ನೀನು ಪ್ರತಿ ಕ್ರಿಸ್ಮಸ್‌ಗೂ ಕಾರ್ಡು ಕಳಿಸಿದೆ. ನಾನು ಬರೀ ಸಹಿ ಹಾಕಿ ಕಳಿಸುತ್ತ ಬಂದೆ.

ನಮ್ಮ ಮನೆತನದ ಪುಸ್ತಕ ನೆನಪಿದೆಯಲ್ಲ, ಅಪ್ಪ ನನ್ನಿಂದ ಬರೆಸಿದ್ದು? ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದ ನಮ್ಮ ಮೂಲಪುರುಷ ಜೇಬೆಜ್ ಹಾರ್ಲಕ್, ಅವನು ಕಡಿದ ಕಾಡು, ಕಟ್ಟಿದ ಚರ್ಚು, ಅವನ ಹನ್ನೊಂದು ಮಕ್ಕಳು. ಊರಿನ ವಾರ್ಷಿಕೋತ್ಸವಕ್ಕೆ ಅದನ್ನು ಮತ್ತೆ ಅಚ್ಚು ಹಾಕಿಸುತ್ತಾರಂತೆ, ತಪ್ಪಿದ್ದರೆ ತಿದ್ದಿಕೊಡಿ ಎಂದರು. ಏಪ್ರಿಲ್‌ನಲ್ಲಿ ದಫ್ತರಕ್ಕೆ ಹೋಗಿ ಜೇಬೆಜ್‌ನ ಉಯಿಲು ತೆಗೆಸಿ ಓದಿದೆ. ಮಗ ಸ್ಯಾಮ್ಯುಯೆಲ್‌ಗೆ ಬಿಟ್ಟುಹೋದದ್ದು ಇಷ್ಟು: ಒಂದು ಕೆಂದು ಹಸು, ಒಂದು ತಾಮ್ರದ ಹಂಡೆ, ಮೋಲ್ ಎಂಬ, ಈ ನೆಲದ ಪೀಕ್ವಾಟ್ ಬುಡಕಟ್ಟಿನ ಹೆಂಗಸು, ಅವಳ ಮಗು. ಹಂಡೆಯಾದ ಮೇಲೆ ಅವಳು, ಲೋಯಿಸ್.

ಎವರೆಟ್ ಹೇಳಿದ್ದು ನಿಜ. ನೀನು ಅವನನ್ನು ಮದುವೆಯಾದ ವರ್ಷ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಹೊತ್ತಿಗೆ, ಅಪ್ಪ ಜೇಬೆಜ್‌ನ ಗುಣಗಾನ ಮುಗಿಸಿದ ಮೇಲೆ ಅವನು ಮೆಲ್ಲಗೆ ಹೇಳಿದ್ದ: "ನಮ್ಮಜ್ಜಿ ಹೇಳ್ತಿದ್ರು. ನಮ್ಮ ಪೀಕ್ವಾಟರ ಹೆಂಗಸೊಬ್ಬಳನ್ನ ಹಾರ್ಲಕ್ ಮನೇಲಿ ಹಿಡಿದಿಟ್ಟಿದ್ರಂತೆ. ಚಳಿಗಾಲದಲ್ಲಿ ಮಗೂನ ಬೆನ್ನಿಗೆ ಕಟ್ಕೊಂಡು ಓಡಿಬಂದ್ಲಂತೆ. ನಾವು ಅವಳ ಕಡೆಯೋರು." ಅಪ್ಪ ಟರ್ಕಿ ಕೋಳಿ ಕೊಯ್ಯುವುದನ್ನು ನಿಲ್ಲಿಸಲೇ ಇಲ್ಲ. "ನನ್ನ ಮನೇಲಿ ಉಣ್ತಾ ನನ್ನ ಹಿರೀಕರಿಗೇ ಮಸಿ ಬಳೀತೀಯಲ್ಲಯ್ಯಾ" ಎಂದರು. ಆಗ ಎವರೆಟ್ ನನ್ನ ಕಡೆ ತಿರುಗಿದ. "ವಿನ್ಸ್‌ಲೋ, ಹಳೇ ಕಾಗದ ಎಲ್ಲಾ ಓದ್ತಿರೋನು ನೀನು. ನೀನೇ ಹೇಳು."

"ಅಂಥದ್ದೇನೂ ನಾನು ನೋಡಿಲ್ಲಪ್ಪ" ಅಂದೆ. ಆಲೂಗಡ್ಡೆಯ ಬಟ್ಟಲು ಅವನತ್ತ ಸರಿಸಿದೆ. ಅವನು ಕೋಟು ತೊಟ್ಟ, ನೀನೂ ಎದ್ದೆ. ಅಮ್ಮ ಬಾಗಿಲವರೆಗೆ ಬಂದು, ಅಪ್ಪನ ಕೆಮ್ಮು ಕೇಳಿ ಹಿಂದಕ್ಕೆ ಹೋದಳು. ಅವಳು ಸತ್ತಾಗಲೂ ನೀವಿಬ್ಬರೂ ಸ್ಮಶಾನದ ಗೇಟಿನಾಚೆಯೇ ನಿಂತಿದ್ದಿರಿ. ನಾನು ನೋಡಿಯೂ ಕರೆಯಲಿಲ್ಲ.

ಕಳೆದ ಶನಿವಾರ ಊರ ಸಭೆಯಲ್ಲಿ ಎದ್ದು ನಿಂತು ಉಯಿಲಿನ ಆ ಸಾಲು ಓದಿದೆ. ದಾಯಾದಿ ಹೋಬಾರ್ಟ್, "ಆಗ ಎಲ್ರೂ ಹಾಗೇ ಇದ್ರು ಮಾರಾಯ, ಈಗ್ಯಾಕೆ ಕೆದಕ್ತೀಯ?" ಎಂದು ಗೊಣಗಿದ. ನನ್ನ ತಂಗಿಯ ಗಂಡನ ಮಾತು ನಿಜ, ನಮ್ಮ ಪುಸ್ತಕ ಸುಳ್ಳು ಎಂದೆ. ಹೊಸ ಪುಸ್ತಕದಲ್ಲಿ ಮೋಲ್‌ಳ ಹೆಸರು ಬರುತ್ತದೆ. ಕೊನೆಗೆ ಅಧ್ಯಕ್ಷೆ ನನ್ನ ಕೈ ಕುಲುಕಿ, ಇಂಥ ಪ್ರಾಮಾಣಿಕರು ಅಪರೂಪ ಎಂದಳು. ಜನ ಚಪ್ಪಾಳೆ ತಟ್ಟಿದರು. ನಾನು ತಲೆ ಬಗ್ಗಿಸಿ ನಿಂತಿದ್ದೆ, ಅದನ್ನು ವಿನಯ ಅಂದುಕೊಂಡರು.

ಮಂಡಿಯ ಮೇಲೆ ಭಾರ ಹಾಕಬೇಡ. ಎವರೆಟ್‌ಗೂ ಮಕ್ಕಳಿಗೂ ಒಳ್ಳೆಯದಾಗಲಿ.

ಹೆಸರಿಗೆ ಮಾತ್ರ ಅಣ್ಣನಾದ,
ವಿನ್ಸ್‌ಲೋ

ಮರೆತದ್ದಲ್ಲ, ಬರೆಯಲು ಹೆದರಿದ್ದು: ಅಂಟಿಸಿದ ಲಕೋಟೆ ಹರಿದು ಇದನ್ನು ಸೇರಿಸುತ್ತಿದ್ದೇನೆ. ಆ ಉಯಿಲನ್ನು ನಾನು ಏಪ್ರಿಲ್‌ನಲ್ಲಿ ಮೊದಲ ಸಲ ಓದಿದ್ದಲ್ಲ. ಆ ಊಟಕ್ಕೆ ಎರಡು ತಿಂಗಳ ಮುಂಚೆಯೇ ಓದಿ ಅಪ್ಪನಿಗೆ ತೋರಿಸಿದ್ದೆ. "ಇದೊಂದು ಬಿಟ್ಟು ಬರಿ" ಅಂದರು, ಬಿಟ್ಟೆ. ಎವರೆಟ್ ನನ್ನನ್ನು ಕೇಳಿದಾಗ ಅದರ ನಕಲು ಮಹಡಿಯ ಮೇಲೆ ನನ್ನ ಮೇಜಿನ ಖಾನೆಯಲ್ಲಿತ್ತು. ಚಪ್ಪಾಳೆ ತಟ್ಟಿದವರಿಗೆ ಇದು ಗೊತ್ತಿಲ್ಲ. ಭಾನುವಾರ ಚರ್ಚಿನಲ್ಲಿ ಹೇಳುತ್ತೇನೆ, ಆದರೆ ಮೊದಲು ಅವನಿಗೆ ತಿಳಿಯಬೇಕು. ನೀನು ಓದಿ ಹೇಳಬೇಡ ಲೋಯಿಸ್, ನನ್ನ ಮೇಲಿನ ಕನಿಕರಕ್ಕೆ ಮಾತು ಮೆತ್ತಗೆ ಮಾಡಿಬಿಡುತ್ತೀಯ. ಕಾಗದವನ್ನೇ ಅವನ ಕೈಗೆ ಕೊಡು.