ಎದುರಿನವರ ನೋವು

ಮಾರ್ಚ್ ೯. ಅಕ್ಷರ ಸೊಟ್ಟ, ತಪ್ಪೂ ಇದೆ, ಕ್ಷಮಿಸು ಪುಸ್ತಕವೇ. ನಿನ್ನೆಯ ಮಾತು ಇನ್ನೂ ಕಿವಿಯಲ್ಲೇ ಇದೆ.

ನಾನು ಗುಡಿಸುವ ಕಚೇರಿಯ ಮೇಡಂ, ಶಾಂತಿ ಹೇಗೆ ಬರುತ್ತದೆಂದು ಓದಲು ನಮ್ಮ ಕಡೆಯಿಂದ ಹೊರಟ ಮೊದಲ ಹೆಂಗಸಂತೆ. "ಅದಕ್ಕೂ ಓದು ಬೇಕಾ, ತಾಯಿ?" ಎಂದು ಆಗ ಎಲ್ಲರೂ ನಕ್ಕಿದ್ದರಂತೆ.

ನಿನ್ನೆ ಹೊಡೆದಾಡುವ ಎರಡು ಊರಿನ ಇಬ್ಬರು ಮುಖಂಡರು ಬಂದಿದ್ದರು. ಮಾತು ಮುರಿದರೆ ಮತ್ತೆ ಬಂದೂಕು. ಮೇಡಂ ಹತ್ತಿರ ಬಂದವರು ಮೊದಲು ತಮ್ಮದಲ್ಲ, ಎದುರಿನವರ ನೋವನ್ನೇ ಹೇಳಬೇಕು. ಇಬ್ಬರಲ್ಲಿ ಗಡ್ಡದವರು ಎದುರಿನವರನ್ನು ತೋರಿಸಿ ತಡವರಿಸುತ್ತ ಹೇಳಿದರು: "ಇವರ ಮಗ ಹಾಲು ತರೋಕೆ ಹೋಗಿದ್ದ. ನಮ್ಮೋರು ಹೊಡೆದ್ರು. ನನ್ನ ಮಗ ವಾಪಸ್ ಬರಲೇ ಇಲ್ಲ."

'ಇವರ ಮಗ' ಅನ್ನುವಲ್ಲಿ 'ನನ್ನ ಮಗ' ಎಂದು ಬಾಯಿ ತಪ್ಪಿ ಬಂದಿತ್ತು. ಯಾರೂ ತಿದ್ದಲಿಲ್ಲ. ಮೇಡಂ ಕೂಡ ಸುಮ್ಮನಿದ್ದರು. ಚಹಾ ಹಿಡಿದು ನಿಂತಿದ್ದ ನನಗೆ ಅನಿಸಿತು: ಹಾಗೆ ಸುಮ್ಮನಿರಲು ಕಲಿಯುವುದಕ್ಕೆ ಒಂದು ಆಯಸ್ಸೇ ಬೇಕೇನೋ.

ಅವರಿಬ್ಬರ ಕುರ್ಚಿಗಳನ್ನು ಎದುರುಬದುರು ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಪಕ್ಕಪಕ್ಕ ಇದ್ದವು. ಸರಿಸದೆ ಸುತ್ತ ಗುಡಿಸಿದೆ.